ಕಿಡಿ ಬಂದರೆ ಕೆಪಾಸಿಟರ್ ಚೆನ್ನಾಗಿದೆ ಎಂದಲ್ಲ

ಕೋಲಾರದ ಸುತ್ತಮುತ್ತ ಪಂಪು, ಮೋಟಾರ್ ರಿಪೇರಿ ಮಾಡುವುದು ನನ್ನ ಕೆಲಸ. ಮನೆ ಬೋರ್‌ವೆಲ್‌ನ ಸಿಂಗಲ್ ಫೇಸ್ ಮೋಟಾರ್ ಓಡದಿದ್ದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು, 'ಮೋಟಾರ್ ಸುಟ್ಟಿದೆ, ಎತ್ತಿಸೋಣ'. ನಮ್ಮ ಕಡೆ ಬೋರ್ ಆಳ ಜಾಸ್ತಿ. ಪೈಪು, ಕೇಬಲ್ ಎಲ್ಲ ಎಳೆದು ಮತ್ತೆ ಇಳಿಸುವುದೆಂದರೆ ಸುಮ್ನೆ ಮಾತಲ್ಲ. ಅದಕ್ಕೇ ನಾನು ಮೊದಲು ಪ್ಯಾನಲ್ ಬೋರ್ಡ್ ಬಿಚ್ಚಿ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಟ್ಟು ಮೋಟಾರ್ ತಿರುಗಲು ನೆರವಾಗುವ ಡಬ್ಬಿ, ನೋಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಮುಳಬಾಗಿಲು ಕಡೆಯ ಒಂದು ಮನೆಗೆ ಹೋಗಿದ್ದೆ. ಸ್ಟಾರ್ಟ್ ಒತ್ತಿದರೆ ಆಂಪಿಯರ್ ಮುಳ್ಳು ಮೇಲೇರಿ ಅಲ್ಲೇ ನಿಲ್ಲುತ್ತಿತ್ತು, ನೀರಿಲ್ಲ. ನನಗಿಂತ ಮೊದಲು ಬಂದವರು ಕೆಪಾಸಿಟರ್‌ಗೆ ಕರೆಂಟ್ ಮುಟ್ಟಿಸಿ, ಎರಡೂ ವೈರ್ ತಾಗಿಸಿ, ಪಟ್ ಅಂತ ಕಿಡಿ ಹಾರಿದ್ದು ನೋಡಿ 'ಇದು ಸರಿ ಇದೆ' ಅಂದಿದ್ದರಂತೆ. ಮೈಮೇಲೆ 36 ಮೈಕ್ರೋಫ್ಯಾರಡ್ ಅಂತ ಬರೆದಿತ್ತು. ನನ್ನ ಮೀಟರ್ ತೋರಿಸಿದ್ದು 21. ಹೊಸದು ಹಾಕಿದೆ, ನೀರು ಬಂತು.

ಹಾಗಾದರೆ ಕಿಡಿ ಎಲ್ಲಿಂದ ಬಂತು? ಕೆಪಾಸಿಟರ್ ಒಳಗಿರುವುದು ಲೋಹ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆಗಳ ಸುರುಳಿ. ಕರೆಂಟ್ ಕೊಟ್ಟಾಗ ಒಂದು ಲೋಹದ ಪದರಕ್ಕೆ ಎಲೆಕ್ಟ್ರಾನ್‌ಗಳು ಬಂದು ತುಂಬುತ್ತವೆ, ಎದುರಿನ ಪದರದಿಂದ ಅಷ್ಟೇ ಎಲೆಕ್ಟ್ರಾನ್‌ಗಳು ಹೊರಡುತ್ತವೆ. ನಡುವಿನ ಪ್ಲಾಸ್ಟಿಕ್ ದಾಟಲು ಬಿಡುವುದಿಲ್ಲ. ಆ ಕಡೆ ಪ್ಲಸ್, ಈ ಕಡೆ ಮೈನಸ್, ಒಂದನ್ನೊಂದು ಎಳೆಯುತ್ತಾ ಅಲ್ಲೇ ಉಳಿದುಬಿಡುತ್ತವೆ. ಎರಡೂ ವೈರ್ ತಾಗಿಸಿದರೆ ಈ ಚಾರ್ಜ್ ಒಮ್ಮೆಲೇ ಹರಿದು ಕಿಡಿ ಹಾರುತ್ತದೆ. ಲೋಹದ ಜಾಗ ಜಾಸ್ತಿಯಾದಷ್ಟೂ, ಹಾಳೆ ತೆಳುವಾದಷ್ಟೂ ಅದೇ ವೋಲ್ಟೇಜ್‌ಗೆ ಹೆಚ್ಚು ಚಾರ್ಜ್ ಹಿಡಿಯುತ್ತದೆ. ಮೈಕ್ರೋಫ್ಯಾರಡ್ ಹೇಳುವುದು ಇದನ್ನೇ.

ವೋಲ್ಟೇಜ್ ಏರಿದಾಗ ಹಾಳೆಯಲ್ಲಿ ಸಣ್ಣ ತೂತು ಬೀಳಬಹುದು. ಸುತ್ತಲಿನ ಲೋಹ ಆವಿಯಾಗಿ ಹೋಗುವುದರಿಂದ ಶಾರ್ಟ್ ಆಗದೆ ಕೆಪಾಸಿಟರ್ ಉಳಿಯುತ್ತದೆ. ಎಂಥ ಚೆಂದದ ಏರ್ಪಾಟು ಅಲ್ವಾ! ಆದರೆ ಪ್ರತಿ ಸಲವೂ ಲೋಹದ ಜಾಗ ಚೂರು ಕಡಿಮೆಯಾಗುತ್ತದೆ. ಉಳಿದ ಜಾಗ ಕಿಡಿ ಹಾರಿಸಲು ಧಾರಾಳ ಸಾಕು. ಮೋಟಾರ್‌ಗೆ ಸಾಲದು. ಮೋಟಾರ್ ಒಳಗೆ ಎರಡು ವೈಂಡಿಂಗ್, ಅಂದರೆ ತಂತಿ ಸುತ್ತು, ಇರುತ್ತವೆ. ಸ್ಟಾರ್ಟಿಂಗ್ ವೈಂಡಿಂಗ್‌ನ ಕರೆಂಟ್ ರನ್ನಿಂಗ್ ವೈಂಡಿಂಗ್‌ನದಕ್ಕಿಂತ ಸಾಕಷ್ಟು ಮೊದಲೇ ಏರುವಂತೆ ಕೆಪಾಸಿಟರ್ ಮಾಡಿದರೆ ತಾನೇ ಮೋಟಾರ್ ತಿರುಗಲು ಜೋರು ಬರುವುದು?

ಕಿಡಿ ಪರೀಕ್ಷೆ ಅಪಾಯವೂ ಹೌದು. 230 ವೋಲ್ಟ್ ಎಸಿ ಏರಿಳಿಯುವಾಗ ಮುಟ್ಟುವ ಗರಿಷ್ಠ ಸುಮಾರು 325 ವೋಲ್ಟ್. ಮೇನ್ ಆಫ್ ಮಾಡಿದರೂ ಅಷ್ಟು ವೋಲ್ಟೇಜ್ ಕೆಪಾಸಿಟರ್‌ನಲ್ಲಿ ನಿಂತಿರಬಹುದು. ನಾನು ಹಳೇ ಕಾಲದ ತಂತಿ ಬಲ್ಬ್ ಹಾಕಿದ ಹೋಲ್ಡರ್‌ನ ಎರಡು ವೈರನ್ನು ಕೆಪಾಸಿಟರ್‌ನ ಎರಡು ತುದಿಗೆ ತಾಗಿಸಿ ಚಾರ್ಜ್ ಇಳಿಸುತ್ತೇನೆ, ಆಮೇಲೆ ಮೀಟರ್‌ನಲ್ಲಿ ಸೊನ್ನೆ ನೋಡಿಯೇ ಕೈ ಹಾಕುತ್ತೇನೆ. ಹೊಸದು ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ವೋಲ್ಟೇಜ್ 440 ಅಂತಿದ್ದರೆ 440, ಅದಕ್ಕಿಂತ ಕಡಿಮೆಯದು ಬೇಡ.