ಔಟರ್ ಹೆಬ್ರಿಡೀಸ್‌ಗೆ ಕಾರಿಲ್ಲದೆ ಹೋಗುತ್ತೀರಾ? ಮೊದಲು ಭಾನುವಾರದ ಲೆಕ್ಕ ಹಾಕಿ

ಶನಿವಾರ ಸಂಜೆ. ಹ್ಯಾರಿಸ್ ದ್ವೀಪದ ಲೆವರ್‌ಬರ್ಗ್ ಅನ್ನೋ ಪುಟ್ಟ ಊರಿನ ಫೆರಿ ಜೆಟ್ಟಿ. ನಮ್ಮ ಜೊತೆ ಇಳಿದ ಕಾರುಗಳೆಲ್ಲ ಐದೇ ನಿಮಿಷದಲ್ಲಿ ಹೊರಟುಹೋದವು. ಉಳಿದದ್ದು ನಾನು, ಅಪ್ಪ, ಎರಡು ಟ್ರಾಲಿ ಬ್ಯಾಗು, ಒಂದು ಬೋಳು ಬಸ್‌ಸ್ಟಾಪು. ಇನ್ನು ಇಪ್ಪತ್ತು ನಿಮಿಷಕ್ಕೆ ಬಸ್ ಬರುತ್ತೆ ಅಂತ ನಾನು ಆರಾಮಾಗಿ ನಿಂತಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಅಲ್ಲಿ ಅಂಟಿಸಿದ್ದ ಟೈಮ್‌ಟೇಬಲ್ ಮೇಲೆ ಬೆರಳಿಟ್ಟು ಓದಿದರು.

"ನೀನು ನೋಡಿರೋದು ಸೋಮವಾರದಿಂದ ಶುಕ್ರವಾರದ್ದು ಕಣೇ. ಶನಿವಾರದ ಕಾಲಂ ಪಕ್ಕದಲ್ಲಿದೆ. ಲಾಸ್ಟ್ ಬಸ್ ಹೋಗಿಯಾಯ್ತು."

ಅಪ್ಪ ಸಾಗರ ಡಿಪೊದಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಅಂಥವರ ಮಗಳಾಗಿ ಬಸ್ಸಿನ ಕಾಲಂ ತಪ್ಪು ಓದಿದ್ದೆ. ಅವರು ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಮಾರನೇ ದಿನ ಭಾನುವಾರ. ಭಾನುವಾರ ಇಲ್ಲಿ ಬಸ್ಸೇ ಓಡಲ್ಲ. ಅಂದರೆ ಸೋಮವಾರದವರೆಗೆ ನಾವು ಅಲ್ಲೇ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡೆಗಿರುವ ಈ ದ್ವೀಪಗಳ ಸಾಲಿಗೆ ಔಟರ್ ಹೆಬ್ರಿಡೀಸ್ ಅಂತಾರೆ. ಇಲ್ಲಿ ಕಾರಿಲ್ಲದೆ ಓಡಾಡೋಕೆ ಆಗಲ್ಲ ಅಂತ ಗ್ಲಾಸ್ಗೋದ ನನ್ನ ಸ್ನೇಹಿತರೆಲ್ಲ ಹೇಳಿದ್ದರು. ಆಗುತ್ತೆ. ದಕ್ಷಿಣದ ಬಾರಾದಿಂದ ಉತ್ತರದ ಸ್ಟೋರ್ನೋವೆವರೆಗೆ ಪೂರ್ತಿ ಬಸ್ಸು, ಫೆರಿಯಲ್ಲೇ ಹೋದೆವು. ಒಂದು ಲೆಕ್ಕದಲ್ಲಿ ಕಾರಿನವರಿಗಿಂತ ನಾವೇ ಆರಾಮ. ಬೇಸಿಗೆಯಲ್ಲಿ ಫೆರಿಯಲ್ಲಿ ಕಾರಿಗೆ ಜಾಗ ಬೇಕಂದರೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ನಡೆದು ಹತ್ತುವವರಿಗೆ ಸಾಮಾನ್ಯವಾಗಿ ಜಾಗ ಸಿಕ್ಕೇ ಸಿಗುತ್ತೆ. ಆದರೆ ಪ್ಲಾನ್ ಮಾಡೋವಾಗ ಎಲ್ಲಿಂದ ಎಲ್ಲಿಗೆ ಅಂತ ಶುರು ಮಾಡಬೇಡಿ. ಭಾನುವಾರ ಎಲ್ಲಿರ್ತೀರಿ ಅನ್ನೋದನ್ನು ಮೊದಲು ಬರೆದುಕೊಳ್ಳಿ, ಉಳಿದದ್ದನ್ನು ಅದರ ಹಿಂದೆ ಮುಂದೆ ಜೋಡಿಸಿ.

ಭಾನುವಾರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಮೋಸ ಹೋಗೋದು ಇಲ್ಲೇ. ಉತ್ತರದ ಲೂಯಿಸ್, ಹ್ಯಾರಿಸ್, ನಾರ್ತ್ ಯೂಯಿಸ್ಟ್‌ಗಳಲ್ಲಿ ಪ್ರೆಸ್ಬಿಟೇರಿಯನ್ ಅನ್ನೋ ಪ್ರಾಟೆಸ್ಟೆಂಟ್ ಪಂಗಡದವರು ಜಾಸ್ತಿ. ಅವರಿಗೆ ಭಾನುವಾರ ಅಂದರೆ ಚರ್ಚು ಮತ್ತು ವಿಶ್ರಾಂತಿ, ಅಷ್ಟೇ. ಅಂಗಡಿ ಬಾಗಿಲು ಹಾಕಿರುತ್ತೆ. ಹಳೇ ಮಂದಿ ಬಟ್ಟೆ ಕೂಡ ಒಣಹಾಕಲ್ಲ. ಸ್ಟೋರ್ನೋವೆಯ ದೊಡ್ಡ ಸೂಪರ್‌ಮಾರ್ಕೆಟ್ ಭಾನುವಾರ ಬಾಗಿಲು ತೆಗೆಯೋಕೆ ಶುರು ಮಾಡಿದ್ದೇ 2024ರ ನವೆಂಬರ್‌ನಲ್ಲಿ, ಅದಕ್ಕೂ ಗಲಾಟೆ ಆಗಿತ್ತು. ದಕ್ಷಿಣದ ಬಾರಾ, ಸೌತ್ ಯೂಯಿಸ್ಟ್‌ಗಳಲ್ಲಿ ಕ್ಯಾಥೊಲಿಕರು ಜಾಸ್ತಿ, ಅಲ್ಲಿ ಇಷ್ಟು ಬಿಗಿಯಿಲ್ಲ. ಆದರೆ ಬಸ್ಸು ಮಾತ್ರ ನಾವು ಹೋದಾಗ ಎಲ್ಲಿಯೂ ಇರಲಿಲ್ಲ.

ಮಜಾ ಏನಂದರೆ ಫೆರಿ ಇದೆ! ನಾರ್ತ್ ಯೂಯಿಸ್ಟ್ ಪಕ್ಕದ ಬರ್ನರೆಯಿಂದ ಲೆವರ್‌ಬರ್ಗ್‌ಗೆ 2006ರಲ್ಲಿ ಭಾನುವಾರದ ಫೆರಿ ಶುರುವಾಯ್ತು, ಸ್ಟೋರ್ನೋವೆಯಿಂದ 2009ರಲ್ಲಿ. ಹಾಗಾಗಿ ಆನ್‌ಲೈನ್‌ನಲ್ಲಿ ಹುಡುಕಿದರೆ ಟಿಕೆಟ್ ಸಿಗುತ್ತೆ, ನಿಮಗೂ ಖುಷಿಯಾಗುತ್ತೆ. ಆಚೆ ದಡದಲ್ಲಿ ಇಳಿದ ಮೇಲೆ ಮುಂದೆ ಹೋಗೋಕೆ ಏನೂ ಇಲ್ಲ ಅಂತ ಯಾರೂ ಹೇಳಲ್ಲ. ಟ್ಯಾಕ್ಸಿ ಇದ್ದರೂ ಹಿಂದಿನ ದಿನವೇ ಹೇಳಿಟ್ಟಿರಬೇಕು.

ನಮ್ಮ ಕಥೆಗೆ ಬರುತ್ತೇನೆ. ಆ ರಾತ್ರಿ ತಲುಪಬೇಕಿದ್ದ ಟಾರ್ಬರ್ಟ್ ಊರಿನಲ್ಲಿ ಬುಕ್ ಮಾಡಿದ್ದ ಹಾಸ್ಟೆಲ್ ದುಡ್ಡು ಹೋಯ್ತು. ನಾಲ್ಕು ಕಡೆ ಫೋನ್ ಮಾಡಿದ ಮೇಲೆ ಒಂದು ಕಡೆ ರೂಮು ಸಿಕ್ಕಿತು. ರಾತ್ರಿಗೆ 140 ಪೌಂಡ್, ಎರಡು ರಾತ್ರಿ ಕಡ್ಡಾಯ. ತಿಂಡಿ ಇಲ್ಲ. ಮಂಚಕ್ಕೂ ಗೋಡೆಗೂ ನಡುವೆ ಅಡ್ಡಡ್ಡ ನಡೆಯಬೇಕು. ಕಿಟಕಿ ತೆಗೆದರೆ ಎದುರಿಗೆ ಗ್ಯಾಸ್ ಟ್ಯಾಂಕು. "ನಿಮಗೆ ಅದೃಷ್ಟ, ಇದೊಂದೇ ಖಾಲಿ ಇತ್ತು" ಅಂತ ಯಜಮಾನರು ನಗುತ್ತಾ ಕಾರ್ಡ್ ಮಷಿನ್ ಮುಂದೆ ಹಿಡಿದರು. ರೂಪಾಯಿಯಲ್ಲಿ ಎಷ್ಟು ಅಂತ ಅಪ್ಪ ಕೇಳಿದರು. ನಾನು ಕೇಳಿಸಿಕೊಳ್ಳದವಳ ಹಾಗೆ ಬ್ಯಾಗ್ ಎತ್ತಿಕೊಂಡೆ. ಭಾನುವಾರ ಪೂರ್ತಿ ನಮ್ಮನ್ನು ಕಾಪಾಡಿದ್ದು ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿ, ಚಟ್ನಿಪುಡಿ ಮತ್ತು ರೂಮಿನ ಕೆಟಲ್. ನೀವೂ ಎರಡು ಹೊತ್ತಿಗಾಗುವಷ್ಟು ಏನಾದರೂ ಇಟ್ಟುಕೊಳ್ಳಿ. ಉಪ್ಪಿಟ್ಟಿನ ಮಿಕ್ಸ್ ಆದರೂ ಸರಿ.

ಆ ಊರಿನ ಹೆಸರಿಗೂ ನಮ್ಮ ಬಚ್ಚಲುಮನೆಗೂ ಒಂದು ನಂಟಿದೆ. ಲೈಫ್‌ಬಾಯ್ ಸೋಪು ಮಾಡಿದ ಲೀವರ್ ಕಂಪನಿಯ ಯಜಮಾನ ಲಾರ್ಡ್ ಲೀವರ್‌ಹ್ಯೂಮ್ ಮೊದಲನೇ ಮಹಾಯುದ್ಧದ ಕೊನೆಗೆ ಲೂಯಿಸ್, ಹ್ಯಾರಿಸ್ ಎರಡನ್ನೂ ಕೊಂಡುಕೊಂಡರು. ಆಬ್ ಅಂತಿದ್ದ ಈ ಹಳ್ಳಿಗೆ ತಮ್ಮ ಹೆಸರಿಟ್ಟು ದೊಡ್ಡ ಮೀನು ಬಂದರು ಕಟ್ಟಿಸಲು ಹೊರಟರು. 1925ರಲ್ಲಿ ತೀರಿಕೊಂಡರು, ಕೆಲಸ ಅಲ್ಲಿಗೇ ನಿಂತಿತು. ಬಸ್ ಬೋರ್ಡಿನಲ್ಲಿ ಇವತ್ತಿಗೂ ಇಲ್ಲಿನವರ ಗೇಲಿಕ್ ಭಾಷೆಯ ಹಳೇ ಹೆಸರು ಇರುತ್ತೆ. ಇದು ಗೊತ್ತಿರಲಿ: ಇಲ್ಲಿನ ರಸ್ತೆ ಬೋರ್ಡುಗಳಲ್ಲಿ ಗೇಲಿಕ್ಕೇ ಮೊದಲು. ಕ್ಯಾಸಲ್‌ಬೇ, ಲಾಕ್‌ಮ್ಯಾಡಿ ಅಂತ ಇಂಗ್ಲಿಷ್ ಹೆಸರನ್ನೇ ಹುಡುಕುತ್ತಾ ನಿಂತರೆ ಇಳಿಯೋ ಜಾಗ ದಾಟಿಹೋಗುತ್ತೆ. ಎರಡೂ ಹೆಸರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲ ಡ್ರೈವರ್‌ಗೆ ಹತ್ತುವಾಗಲೇ ಹೇಳಿ.

ಭಾನುವಾರ ಸುಮ್ನೆ ಕೂರೋಕಾಗದೆ ರೋಡೆಲ್‌ಗೆ ನಡೆದೆವು, ಸುಮಾರು ಐದು ಕಿಲೋಮೀಟರ್. ಅಲ್ಲಿ ಸೇಂಟ್ ಕ್ಲೆಮೆಂಟ್ಸ್ ಅನ್ನೋ ಹದಿನಾರನೇ ಶತಮಾನದ ಕಲ್ಲಿನ ಚರ್ಚಿದೆ. ಒಳಗೆ ಮ್ಯಾಕ್ಲಿಯಡ್ ಮನೆತನದ ನಾಯಕನೊಬ್ಬನ ಕಪ್ಪುಕಲ್ಲಿನ ಸಮಾಧಿ, ಅದರ ಮೇಲೆ ಕೆತ್ತಿದ ಹಾಯಿಹಡಗು. ಹಗ್ಗಗಳು ಕೂಡ ಎದ್ದು ಕಾಣುತ್ತವೆ. ಟಿಕೆಟ್ ಇಲ್ಲ, ಗೈಡ್ ಇಲ್ಲ, ಜನವೂ ಇಲ್ಲ. ಅಪ್ಪ ಇಕ್ಕೇರಿ ದೇವಸ್ಥಾನ ನೋಡುವ ಹಾಗೆ ಕೈ ಹಿಂದೆ ಕಟ್ಟಿಕೊಂಡು ಸುತ್ತು ಹಾಕಿದರು. ಇಡೀ ಪ್ರವಾಸದಲ್ಲಿ ಖರ್ಚೇ ಆಗದ ದಿನ ಅದು.

ಇನ್ನು ಊಟ. ಸೋಮವಾರ ಬೆಳಗ್ಗೆ ಟಾರ್ಬರ್ಟ್ ಬಸ್ ಇತ್ತು. ಬೇಕಂತಲೇ ಬಿಟ್ಟೆವು. ಲೆವರ್‌ಬರ್ಗ್ ಜೆಟ್ಟಿಯ ಹತ್ತಿರ ಹಳೇ ಬಸ್ಸೊಂದನ್ನೇ ಅಡುಗೆಮನೆ ಮಾಡಿದ್ದಾರೆ, ಹೆಸರು ಬಟ್ಟಿ ಬಸ್. ಬಟ್ಟಿ ಅಂದರೆ ಬ್ರೆಡ್ ನಡುವೆ ಏನಾದರೂ ಇಟ್ಟು ಕೊಡೋದು. ಅಪ್ಪನಿಗೆ ಕೇಳಿಸಿದ್ದು ಬೇರೆ. "ಬೆಳಗ್ಗೆ ಬೆಳಗ್ಗೆ ಭಟ್ಟಿ ಸಾರಾಯಿ ಮಾರ್ತಾರಾ ಇಲ್ಲಿ?" ಅಂದರು. ವಿಷಯ ತಿಳಿದ ಮೇಲೆ ಮೊದಲು ಬಸ್ಸಿನ ಸುತ್ತ ಒಂದು ಸುತ್ತು ಬಂದು ಟೈರು ನೋಡಿದರು. ಆಮೇಲೆ ಆರ್ಡರ್.

ಹ್ಯಾಡಕ್ ಮೀನು, ಚಿಪ್ಸ್. ಕಾಗದದ ಪೆಟ್ಟಿಗೆ ಮುಚ್ಚಲಾಗದಷ್ಟು ಉದ್ದದ ಮೀನು. ಹೊರಗಿನ ಪದರ ಹಪ್ಪಳದ ಹಾಗೆ ಸದ್ದು ಮಾಡುತ್ತೆ, ಒಳಗೆ ಬೆಳ್ಳಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತೆ. ಗಾಳಿಗೆ ಬೆನ್ನು ಕೊಟ್ಟು ಕಲ್ಲಿನ ಮೇಲೆ ಕೂತು ತಿಂದೆವು. ಮುಳ್ಳಿಲ್ಲದ ಮೀನು ಎಂಥ ಮೀನು ಅಂತ ಅಪ್ಪನ ತಕರಾರು. ಆದರೂ ಚಟ್ನಿಪುಡಿ ಉದುರಿಸಿಕೊಂಡು ಪೂರ್ತಿ ಖಾಲಿ ಮಾಡಿದರು, ನನ್ನ ಪೆಟ್ಟಿಗೆಯ ಚಿಪ್ಸಿಗೂ ಕೈ ಹಾಕಿದರು. ಜೊತೆಗೆ ಬಿಸಿ ಸೂಪು, ಬ್ರೆಡ್ಡು. ಇಬ್ಬರಿಗೂ ಸೇರಿ ಮೂವತ್ತು ಪೌಂಡ್ ದಾಟಲಿಲ್ಲ. ಬರುವಾಗ ಫೆರಿ ಹತ್ತಿದ ಓಬನ್ ಊರಿನಲ್ಲಿ ಮೇಜು, ಬಟ್ಟೆಯ ನ್ಯಾಪ್ಕಿನ್ ಇರೋ ಒಂದು ಹೋಟೆಲಿನಲ್ಲಿ ಇದರ ಡಬಲ್ ಕೊಟ್ಟು ತಣ್ಣಗಿನ ಮೀನು ತಿಂದಿದ್ದೆವು. ಸಸ್ಯಾಹಾರಿಗಳಿಗೆ ಒಂದು ಮಾತು: ಸೂಪಿಗೂ ಮಾಂಸದ ಸಾರು ಹಾಕಿರಬಹುದು, ಕೇಳಿ ತಗೊಳ್ಳಿ. ಸ್ಟೋರ್ನೋವೆಯಲ್ಲಿ ಹೆಸರುವಾಸಿಯಾದ ಬ್ಲ್ಯಾಕ್ ಪುಡಿಂಗ್ ಸಿಹಿತಿಂಡಿ ಅಲ್ಲ. ಅದು ರಕ್ತದಿಂದ ಮಾಡಿದ್ದು.

ಬಸ್ಸುಗಳ ಬಗ್ಗೆ. ಲೂಯಿಸ್-ಹ್ಯಾರಿಸ್‌ನ ಮುಖ್ಯ ಬಸ್ ಡಬ್ಲ್ಯೂ10, ಸ್ಟೋರ್ನೋವೆಯಿಂದ ಟಾರ್ಬರ್ಟ್ ಮೇಲೆ ಲೆವರ್‌ಬರ್ಗ್‌ಗೆ. ಯೂಯಿಸ್ಟ್ ಕಡೆ ಡಬ್ಲ್ಯೂ17. ದಿನಕ್ಕೆ ಬೆರಳೆಣಿಕೆಯಷ್ಟು ಟ್ರಿಪ್ಪು ಅಷ್ಟೇ. ಟೈಮ್‌ಟೇಬಲ್ ಕೆಳಗಿನ ಸಣ್ಣ ಅಕ್ಷರಗಳನ್ನು ಬಿಡದೆ ಓದಿ. ಕೆಲವು ಟ್ರಿಪ್ಪು ಸ್ಕೂಲ್ ಇರೋ ದಿನ ಮಾತ್ರ. ನಮ್ಮವರು ಬರೋದು ಜುಲೈನಲ್ಲಿ, ಆಗ ಇಲ್ಲಿ ಸ್ಕೂಲಿಗೆ ಬೇಸಿಗೆ ರಜೆ. ಇನ್ನು ಕೆಲವು ಟ್ರಿಪ್ಪು ಹಿಂದಿನ ದಿನ ಫೋನ್ ಮಾಡಿ ಹೇಳಿದರೆ ಮಾತ್ರ ಬರುತ್ತವೆ. ಹೇಳದಿದ್ದರೆ ಕಾಗದದ ಮೇಲೆ ಬಸ್ಸು, ರಸ್ತೆ ಮೇಲೆ ಕುರಿ. ನಾನು ಫೋನ್ ಮಾಡಿದಾಗ ಆ ಕಡೆಯ ಹೆಂಗಸು ಸ್ಟಾಪಿನ ಹೆಸರು ಕೇಳಲಿಲ್ಲ, ಯಾವ ಮನೆ ಹತ್ತಿರ ನಿಂತಿರ್ತೀರಿ ಅಂತ ಕೇಳಿದರು. ಹಳ್ಳಿಗಳಲ್ಲಿ ಡ್ರೈವರ್‌ಗೆ ಕಾಣುವ ಹಾಗೆ, ನಿಲ್ಲಿಸೋಕೆ ಜಾಗ ಇರೋ ಕಡೆ ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಾರೆ. ಚಿಲ್ಲರೆ ಇಟ್ಟುಕೊಂಡಿರಿ. ಅರವತ್ತು ದಾಟಿದವರಿಗೆ ಬಸ್ ಫ್ರೀ ಅನ್ನೋದು ಸ್ಕಾಟ್ಲೆಂಡ್‌ನಲ್ಲಿ ವಾಸ ಇರೋರಿಗೆ, ಊರಿಂದ ಬಂದ ಅಪ್ಪ ಅಮ್ಮಂದಿರಿಗಲ್ಲ.

ಲೂಯಿಸ್‌ನ ಕೆಲವು ಬಸ್‌ಸ್ಟಾಪ್‌ಗಳನ್ನು ಮಾತ್ರ ನೋಡಲೇಬೇಕು. ಕಾಂಕ್ರೀಟಿನವು, ಒಳಗೆ ಅಡ್ಡಗೋಡೆ ಹಾಕಿ ನಾಲ್ಕು ಮೂಲೆ ಮಾಡಿದ್ದಾರೆ. ಗಾಳಿ ಯಾವ ಕಡೆಯಿಂದ ಬಂದರೂ ಅದಕ್ಕೆ ಬೆನ್ನು ಮಾಡಿ ಕೂರಲು ಒಂದು ಮೂಲೆ ಇರುತ್ತೆ. ಕ್ಯಾಲನಿಶ್‌ನ ಐದು ಸಾವಿರ ವರ್ಷದ ಕಲ್ಲುಗಳಿಗಿಂತ ಅಪ್ಪ ಇದರ ಫೋಟೋಗಳನ್ನೇ ಜಾಸ್ತಿ ತೆಗೆದರು. ಕಲ್ಲುಗಳ ಬಗ್ಗೆ ಎಲ್ಲಾ ಕಡೆ ಬರೆದಿದ್ದಾರೆ, ನಾನು ಬರೆಯಲ್ಲ.

ದಕ್ಷಿಣದಲ್ಲಿ ನನಗೆ ಇಷ್ಟವಾದದ್ದು ಬಾರಾ. ಓಬನ್‌ನಿಂದ ಐದು ಗಂಟೆಗೆ ಸ್ವಲ್ಪ ಕಮ್ಮಿ ಫೆರಿ. ವಾಂತಿ ಮಾತ್ರೆ ಹತ್ತೋ ಮೊದಲೇ ತಗೊಳ್ಳಿ, ಅಲೆ ಶುರುವಾದ ಮೇಲೆ ತಗೊಂಡು ಪ್ರಯೋಜನ ಇಲ್ಲ. ಅಲ್ಲಿನ ಬಸ್ ಏರ್‌ಪೋರ್ಟಿಗೂ ಹೋಗುತ್ತೆ. ಏರ್‌ಪೋರ್ಟ್ ಅಂದರೆ ಸಮುದ್ರದ ದಂಡೆ. ಗ್ಲಾಸ್ಗೋದಿಂದ ಬರೋ ಪುಟ್ಟ ವಿಮಾನ ಮರಳಿನ ಮೇಲೇ ಇಳಿಯುತ್ತೆ. ಉಬ್ಬರ ಬಂದಾಗ ರನ್‌ವೇ ನೀರೊಳಗೆ, ಹಾಗಾಗಿ ವಿಮಾನದ ಟೈಮು ಸಮುದ್ರ ನೋಡಿಕೊಂಡೇ ಇಡಬೇಕು. ಗಾಳಿಯ ದಿಕ್ಕು ತೋರಿಸೋ ಕಂಬದ ಗಾಳಿಚೀಲ ಹಾರುತ್ತಿದ್ದರೆ ಮರಳಿಗೆ ಇಳಿಯಬಾರದು. ವಿಮಾನದಲ್ಲೇ ಬರಬೇಕು ಅಂತೇನಿಲ್ಲ, ಟೀ ಕುಡಿಯುತ್ತಾ ನೋಡಿದರೆ ಸಾಕು, ಅದಕ್ಕೆ ದುಡ್ಡಿಲ್ಲ.

ಪಕ್ಕದ ವ್ಯಾಟರ್ಸೆ ದ್ವೀಪಕ್ಕೆ 1991ರಲ್ಲಿ ಸಮುದ್ರಕ್ಕೆ ಅಡ್ಡಲಾಗಿ ಸೇತುವೆ ಥರ ಕಲ್ಲಿನ ದಾರಿ ಹಾಕಿದರು. ಅದಕ್ಕೆ ಮೊದಲು ದನಗಳನ್ನು ಈಜಿಸಿಕೊಂಡು ದಾಟಿಸಬೇಕಿತ್ತು. 1986ರಲ್ಲಿ ಬರ್ನಿ ಅನ್ನೋ ಒಳ್ಳೇ ತಳಿಯ ಹೋರಿ ಹಾಗೆ ಈಜುವಾಗ ಮುಳುಗಿ ಸತ್ತಿತು, ಆಮೇಲೆ ಸೇತುವೆಯ ಕೂಗು ಜೋರಾಯ್ತಂತೆ. ಅಪ್ಪ ಸಿಗಂದೂರಿನ ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿಯೇ ಅರ್ಧ ಆಯಸ್ಸು ಕಳೆದವರು. ಅಲ್ಲೂ ಸೇತುವೆ ಬಂದದ್ದು ಈಗ, 2025ರಲ್ಲಿ. ಹೋರಿಯ ಕಥೆ ಕೇಳಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ನಮ್ಮಲ್ಲಿ ಹೋರಿ ಸತ್ತಿದ್ರೂ ಬರ್ತಿರಲಿಲ್ಲ ಬಿಡು" ಅಂದರು.

ಯೂಯಿಸ್ಟ್‌ಗಳಲ್ಲಿ ಮೂರು ದಿನ ಇದ್ದೆವು. ಮಳೆ. ಬೇರೇನೂ ನೆನಪಿಲ್ಲ, ನೀರುನಾಯಿ ದಾಟುತ್ತೆ ನಿಧಾನ ಹೋಗಿ ಅನ್ನೋ ರಸ್ತೆ ಬೋರ್ಡೊಂದನ್ನು ಬಿಟ್ಟರೆ. ನೀರುನಾಯಿ ಕಾಣಲಿಲ್ಲ.

ಬರ್ನರೆಯಿಂದ ಲೆವರ್‌ಬರ್ಗ್ ಫೆರಿ ಒಂದು ಗಂಟೆಯದ್ದು. ಅದನ್ನು ಮಾತ್ರ ಹಗಲು ಬೆಳಕಲ್ಲಿ ಡೆಕ್ ಮೇಲೆ ನಿಂತೇ ನೋಡಿ. ಕತ್ತಲಲ್ಲಿ ಅದು ಓಡೋದೂ ಇಲ್ಲ. ನೀರೊಳಗೆ ತುಂಬಾ ಬಂಡೆಗಳು. ನೇರ ಹೋದರೆ ಹತ್ತಿರ, ಆದರೆ ದೋಣಿ ನೀರಲ್ಲಿ ತೇಲೋ ಗುರುತುಗಳನ್ನು ಹಿಡಿದು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗುತ್ತಲೇ ಇರುತ್ತೆ. "ಆಗುಂಬೆ ಘಾಟಿ ಇದ್ದಂಗಿದೆ" ಅಂದರು ಅಪ್ಪ. ಆ ತಿರುವುಗಳನ್ನು ನೋಡೋ ಖುಷಿಯಲ್ಲೇ ನಾನು ಟೈಮ್‌ಟೇಬಲ್ ಮತ್ತೊಮ್ಮೆ ತೆಗೆದು ನೋಡದೆ ಇದ್ದದ್ದು.

ಟ್ರಾಲಿ ಬ್ಯಾಗ್ ಬೇಡ, ಬೆನ್ನಿಗೆ ಹಾಕೋ ಬ್ಯಾಗ್ ತನ್ನಿ. ಫೆರಿ ರದ್ದಾದರೆ ತಿಳಿಯಲು ಫೆರಿ ಕಂಪನಿ ಕ್ಯಾಲ್‌ಮ್ಯಾಕ್‌ನ ಆ್ಯಪ್ ಹಾಕಿಕೊಳ್ಳಿ. ವಿಮಾನ ಇರೋ ದಿನಕ್ಕೆ ಒಂದು ದಿನ ಮೊದಲಾದರೂ ಗ್ಲಾಸ್ಗೋಗೆ ವಾಪಸ್ ಬಂದಿರಿ. ಸ್ಟೋರ್ನೋವೆಯಿಂದ ಉಲ್ಲಾಪೂಲ್‌ಗೆ ಫೆರಿಯಲ್ಲಿ ಬಂದರೆ ಜೆಟ್ಟಿಯಲ್ಲೇ ಇನ್ವರ್ನೆಸ್ ಕೋಚ್ ನಿಂತಿರುತ್ತೆ. ಅದಕ್ಕೆ ಸೀಟು ಮೊದಲೇ ಬುಕ್ ಮಾಡಿಸಿ. ನಾನು ಮಾಡಿಸಿದ್ದೆ, ಸರಿಯಾದ ವಾರದ್ದೇ. ಅಪ್ಪ ಟಿಕೆಟ್ ಈಸಿಕೊಂಡು ಎರಡು ಸಲ ತಾರೀಕು ನೋಡಿದ ಮೇಲೆಯೇ ಹತ್ತಿದ್ದು.