ಮುಂಡಿಗೆಕೆರೆಯಲ್ಲಿ ಒಂದು ಸಂಜೆ ಲೆಕ್ಕ

27 ಅಕ್ಟೋಬರ್ 2024, ಭಾನುವಾರ
ಸೋಂದಾ, ಶಿರಸಿ ತಾಲೂಕು

ದೀಪಾವಳಿಗೆ ನಾಲ್ಕೇ ದಿನ. ಮನೆಯಲ್ಲಿ ಕೊಟ್ಟಿಗೆ ತೊಳೆಯುವ ಕೆಲಸ ಕಾದಿತ್ತು. ಹಕ್ಕಿ ಎಣಿಸಿ ಬೇಗ ಬರುತ್ತೇನೆ ಅಂತ ಹೇಳಿ ತಪ್ಪಿಸಿಕೊಂಡು ಬಂದೆ. ಐದು ಗಂಟೆಗೆ ಕೆರೆ ದಂಡೆಯಲ್ಲಿ ಕೂತೆ. ಕೂತ ಹತ್ತು ನಿಮಿಷಕ್ಕೆ ಕಾಲಿಗೊಂದು ಉಂಬಳ, ಅಂದರೆ ಜಿಗಣೆ.

ಈ ತಿಂಗಳು ಎಲ್ಲರದೂ ಬರುವ ಹಕ್ಕಿಗಳ ಮಾತು. ಮುಂಡಗೋಡದ ಅತ್ತಿವೇರಿ ಜಲಾಶಯಕ್ಕೆ ಬಾತು ಬಂತಾ, ಕಾರವಾರದ ಕಡಲಲ್ಲಿ ಕಡಲಕ್ಕಿ ಕಂಡವಾ ಅಂತ. ನಮ್ಮ ಕೆರೆಯದು ಉಲ್ಟಾ. ಬೆಳ್ಳಕ್ಕಿಗಳು ಮಳೆಗಾಲದ ಹೊತ್ತಿಗೆ ಬಂದು ನೀರಲ್ಲಿ ನಿಂತ ಮುಂಡಿಗೆ ಗಿಡಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ನೀರು, ಎಲೆಯಂಚಿಗೆಲ್ಲ ಮುಳ್ಳು. ಸುತ್ತಲಿನ ಗದ್ದೆಗಳಲ್ಲಿ ಕಪ್ಪೆ, ಮೀನು ಬೇಕಾದಷ್ಟು. ಬಾಣಂತನಕ್ಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ? ಮಳೆ ಹಿಂದಾಗುವಾಗ ಮರಿಗಳ ಸಮೇತ ಹೊರಟುಬಿಡುತ್ತವೆ.

ಆದರೆ ಹೊರಟಿದ್ದನ್ನು ನಾನು ಒಂದು ವರ್ಷವೂ ನೋಡಿಲ್ಲ. ಬೆಳಿಗ್ಗೆ ಮೇಯಲು ಹೋಗಿದ್ದು ಸಂಜೆ ವಾಪಸ್ಸು ಬರುವುದಿಲ್ಲ, ಅಷ್ಟೇ. ಅದಕ್ಕೇ ಈ ಸಂಜೆ ಲೆಕ್ಕ.

ಐದೂವರೆಗೆ ಮೊದಲು ನೀರುಕಾಗೆಗಳು ಬಂದವು. ಸಾಲು ಕಟ್ಟಿ, ಬೇಗ ಬೇಗ ರೆಕ್ಕೆ ಬಡಿಯುತ್ತ, ಕೊನೆ ಬಸ್ಸು ಹಿಡಿಯುವವರ ಹಾಗೆ. ಬೆಳ್ಳಕ್ಕಿಗಳಿಗೆ ಅಂಥ ಗಡಿಬಿಡಿ ಇಲ್ಲ. ಕೆರೆಗೆ ಒಂದು ಸುತ್ತು ಹಾಕಿ, ಕಾಲು ಇಳಿಬಿಟ್ಟು, ಅಡ್ಡಡ್ಡ ವಾಲಿಕೊಂಡು ಇಳಿಯುತ್ತವೆ. ಇಳಿದ ಮೇಲೆ ಶುರು ಜಗಳ. ಒಂದು ಕೂತಲ್ಲೇ ಇನ್ನೊಂದಕ್ಕೂ ಕೂರಬೇಕು! ಅದು ಎದ್ದು ಹಾರಿ ಬೇರೆ ಕಡೆ ಕೂತರೆ ನಾನು ಅದನ್ನೇ ಮತ್ತೆ ಎಣಿಸಿರುತ್ತೇನೆ. ಜೂನಿನಲ್ಲಿ ತಲೆ, ಎದೆಯೆಲ್ಲ ಕಿತ್ತಳೆ ಬಣ್ಣ ಹೊತ್ತಿದ್ದ ಗೋವಕ್ಕಿಗಳು ಈಗ ಬರೀ ಬಿಳಿ. ದೂರದಿಂದ ಕೊಕ್ಕೂ ಸರಿ ಕಾಣುವುದಿಲ್ಲ. ಹಳದಿ ಕೊಕ್ಕಾದರೆ ಗೋವಕ್ಕಿ, ಕಪ್ಪಾದರೆ ಚಿಕ್ಕ ಬೆಳ್ಳಕ್ಕಿ. ಪುಸ್ತಕದಲ್ಲಿ ಸುಲಭ.

ಎಣಿಸುತ್ತ ಅರವತ್ತರ ಹತ್ತಿರ ಬಂದಿದ್ದೆ. ಅಷ್ಟರಲ್ಲಿ ಹಿಂದಿನಿಂದ "ಎಷ್ಟಾತು ಭಾವ?" ಅಂತ ನನ್ನ ಭಾವನ ಕೂಗು. ಲೆಕ್ಕ ನೀರು ಪಾಲಾಯಿತು. ಭಾವನಿಗೆ ಸಿಟ್ಟು ತೋರಿಸುವ ಹಾಗೂ ಇಲ್ಲ, ಫ್ಲಾಸ್ಕಿನಲ್ಲಿ ಚಹಾ ತಂದಿದ್ದ. ಅವನ ಪ್ರಕಾರ ಹೋದ ವಾರಕ್ಕಿಂತ ಈ ವಾರ ಗಲಾಟೆ ಕಡಿಮೆ. ನನ್ನ ಎಣಿಕೆಗಿಂತ ಅವನ ಕಿವಿಯೇ ವಾಸಿ ಅನ್ನಿಸಿತು.

ಆರು ದಾಟಿ ಸೂರ್ಯ ಮುಳುಗಿದ ಮೇಲೆ ಇರುಳು ಬಕಗಳ ಪಾಳಿ. ಎಲ್ಲರೂ ಮನೆಗೆ ಬರುವಾಗ ಇವು ಮೇಯಲು ಹೊರಡುತ್ತವೆ. ಕ್ವಾಕ್, ಕ್ವಾಕ್ ಅಂತ ತಲೆ ಮೇಲೇ ಹೋದವು. ಆ ಬೆಳಕಲ್ಲಿ ಎಷ್ಟು ಅಂತ ಕೇಳಬೇಡಿ.

ಹೊರಡಲು ಎದ್ದಾಗ ಕಲ್ಲಿನ ಮೇಲಿಂದ ಏನೋ ಪುರ್ರನೆ ಎದ್ದು ಸ್ವಲ್ಪ ಮುಂದೆ ಕೂತು ಬಾಲ ಕುಣಿಸಿತು. ಕುಂಡೆಕುಸ್ಕ! ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಹಕ್ಕಿ. ಈ ಹೊತ್ತಲ್ಲಿ ಇದಿನ್ನೂ ಮಲಗಿಲ್ಲವಾ ಅಂದ ಭಾವ.

ನೋಟ್‌ಬುಕ್ಕಿನಲ್ಲಿ ಇಂದು: ಬೆಳ್ಳಕ್ಕಿ, ಪ್ರಶ್ನೆ ಚಿಹ್ನೆ. ನೀರುಕಾಗೆ, ಪ್ರಶ್ನೆ ಚಿಹ್ನೆ. ಕುಂಡೆಕುಸ್ಕ, 1.