ನಿಮ್ಮದು ಯಾವ ನೀರು?

"ಫಿಲ್ಟರ್ ನೀರು" ಅಂದುಬಿಟ್ಟೆ. ಹವಾಯಿಯಿಂದ ವಾಪಸ್ ಬಂದು ನಾಲ್ಕು ದಿನ ಆಯಿತು. ಪಾತ್ರೆ ತೊಳೆಯುವಾಗ ಇನ್ನೂ ಅದು ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಓಆಹು ದ್ವೀಪದ ಪೂರ್ವದ ಕಡೆ, ಬೆಟ್ಟದ ಬುಡದಲ್ಲಿ ಒಂದು ಕೆಸುವಿನ ಗದ್ದೆ. ಹೌದು, ನಮ್ಮ ಕೆಸುವೇ. ಅಲ್ಲಿಯವರ ಬಾಯಲ್ಲಿ ಅದು ಕಲೋ, ಗದ್ದೆಗೆ ಲೋಯಿ. ಆವತ್ತು ಯಾರು ಬೇಕಾದರೂ ಹೋಗಿ ಕಳೆ ಕೀಳಬಹುದಿತ್ತು. ಕೆಸರಿಗೆ ಇಳಿಯುವ ಮೊದಲು ಎಲ್ಲರೂ ಸುತ್ತ ನಿಂತು ಹೆಸರು, ಊರು, ಆಮೇಲೆ ತಮ್ಮದು ಯಾವ ನೀರು ಅಂತ ಹೇಳಬೇಕು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಫಿಲ್ಟರ್ ನೀರು ಅಂದೆ. ಎಲ್ಲರೂ ನಕ್ಕರು. ಬೇಕಂತಲೇ ತಮಾಷೆ ಮಾಡಿದವಳ ಹಾಗೆ ನಾನೂ ನಕ್ಕೆ. ಪಕ್ಕದಲ್ಲಿದ್ದ ಅಮ್ಮನಿಗೆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ. ಅವಳು ಯೋಚನೆಯನ್ನೇ ಮಾಡಲಿಲ್ಲ.

"ತುಂಗೆ" ಅಂದಳು.

ಗದ್ದೆ ನೋಡಿಕೊಳ್ಳುವ ಆ ದಪ್ಪ ಮನುಷ್ಯ 'ಟುಂಗಾ, ಟುಂಗಾ' ಅಂತ ಎರಡು ಸಲ ಹೇಳಿ ನೋಡಿದ. ಆಮೇಲೆ ಕೇಳಿದ, "ಈಗಲೂ ಹರಿಯುತ್ತಿದೆಯಾ?"

"ಹರೀದೆ ಎಂತ ಮಾಡ್ತಾಳೆ?" ಅಮ್ಮನಿಗೆ ಸ್ವಲ್ಪ ಸಿಟ್ಟೇ ಬಂತು. ನಾನು ಸುಮ್ನೆ 'ಯೆಸ್' ಅಂತ ಅನುವಾದಿಸಿದೆ.

ನಿಜ ಹೇಳಬೇಕೆಂದರೆ ಹಿಂದಿನ ರಾತ್ರಿಯ ಲುವೌ ಆದಮೇಲೆ ಇದಕ್ಕೂ ನನಗೆ ಜಾಸ್ತಿ ಆಸೆ ಇರಲಿಲ್ಲ. ಲುವೌ ಅಂದರೆ ಕೆಸುವಿನ ಎಳೆ ಎಲೆ, ಊಟದ ಹಬ್ಬಕ್ಕೂ ಅದೇ ಹೆಸರು. ನಾವು ನೋಡಿದ್ದು ಪ್ರವಾಸಿಗಳ ಲುವೌ. ಮೈಕ್ ಹಿಡಿದವನು ನಮ್ಮಿಂದ ಹತ್ತು ಸಲ 'ಅಲೋಹಾ' ಕೂಗಿಸಿದ, ಸ್ಕೂಲ್ ಡೇ ಕಾರ್ಯಕ್ರಮದ ಮೇಷ್ಟ್ರ ಥರ. ನೆಲದೊಳಗಿನ ಒಲೆಯಲ್ಲಿ ಬೆಂದ ಹಂದಿ ಅಮ್ಮನಿಗೆ ಆಗುವುದಿಲ್ಲ. ಅವಳ ತಟ್ಟೆಯಲ್ಲಿ ಅನ್ನ, ಅನಾನಸು, ಒಂದು ಚಮಚ ಪೋಯಿ. ಪೋಯಿ ಅಂದರೆ ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಜಜ್ಜಿ, ನೀರು ಸೇರಿಸಿ ಮಾಡಿದ ನೇರಳೆ ಬಣ್ಣದ ಅಂಟು. ಎರಡು ದಿನ ಇಟ್ಟರೆ ಹುಳಿ ಬರುತ್ತದೆ. "ಗೋಡೆಗೆ ಕಾಗದ ಅಂಟಿಸೋಕೂ ಆಗುತ್ತೆ" ಅಂತ ಮೈಕಿನವನೇ ಜೋಕ್ ಮಾಡಿದ. ನಮಗೆ ಅದು ಸರಿ ಕಾಣಲಿಲ್ಲ. ಮನೆಗೆ ಬಂದವರ ಎದುರು ಮನೆ ಊಟವನ್ನು ಯಾರಾದರೂ ಆಡಿಕೊಳ್ಳುತ್ತಾರಾ? ಪಾಪ, ಸಂಬಳಕ್ಕೆ ಹೇಳುವ ಜೋಕ್ ಇರಬೇಕು.

ಗದ್ದೆಯಲ್ಲಿ ಆ ಜೋಕ್ ಇರಲಿಲ್ಲ. ಮರದ ಹಲಗೆ, ಕಲ್ಲಿನ ಗುಂಡು, ಟಪ್ ಟಪ್ ಅಂತ ಜಜ್ಜುತ್ತಾ ಆ ದಪ್ಪ ಮನುಷ್ಯ ಕಥೆ ಹೇಳಿದ. ಆಕಾಶದ ತಂದೆ ವಾಕೆಯಾಗೆ ಹುಟ್ಟಿದ ಮೊದಲ ಮಗುವಿಗೆ ಜೀವ ಇರಲಿಲ್ಲವಂತೆ. ಹೂತ ಜಾಗದಲ್ಲಿ ಕೆಸು ಚಿಗುರಿತು. ಎರಡನೆಯ ಮಗು ಹಾಲೋವಾ, ಅವನಿಂದ ಹವಾಯಿಯ ಜನ. ಹಾಗಾಗಿ ಕೆಸು ಅವರಿಗೆ ಅಣ್ಣ. ಪೋಯಿ ಬಟ್ಟಲು ತೆರೆದಿರುವಾಗ ಜಗಳ ಆಡಬಾರದು, ಅಣ್ಣ ಎದುರಿಗೇ ಕೂತಿರುತ್ತಾನಲ್ಲ.

"ಅಣ್ಣನ್ನೇ ತಿಂತಾರಾ?" ಅಂದೆ ನಾನು, ಕನ್ನಡದಲ್ಲಿ.

"ಅಣ್ಣ ಅಂದ್ಮೇಲೆ ತಮ್ಮಂಗೆ ಉಣ್ಣಿಸ್ಬೇಕಲ್ಲ ಮಾರಾಯ್ತಿ" ಅಂತ ಹೇಳಿ ಅಮ್ಮ ಪ್ಯಾಂಟ್ ಮಡಚಿ ಮೊಣಕಾಲುದ್ದ ಕೆಸರಿಗೆ ಇಳಿದೇಬಿಟ್ಟಳು. ಅರವತ್ತೆಂಟು ವರ್ಷ. ಒಂದು ಎಲೆಯ ಹಿಂಬದಿಯನ್ನು ಬೆರಳಲ್ಲಿ ಉಜ್ಜಿ, "ತುರಿಸಲ್ವಾ ಕೇಳು" ಅಂದಳು. ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ ಅಂದ ಅವನು. ಹುಣಸೆಹುಳಿ ಹಾಕಬೇಕು ಅಂದಳು ಇವಳು. ಪತ್ರೊಡೆ ಮಾಡುವುದು ಹೇಗೆ ಅಂತ ಅರ್ಧ ಗಂಟೆ. ನಡುವೆ ಅನುವಾದಕ್ಕೆ ನಾನು.

ನನ್ನ ತಲೆಯಲ್ಲಿ ಮಾತ್ರ 'ಈಗಲೂ ಹರಿಯುತ್ತಿದೆಯಾ' ಅಂತಲೇ ಓಡುತ್ತಿತ್ತು. ಉಪಚಾರದ ಮಾತು ಅಂದುಕೊಂಡಿದ್ದೆ. ಅಲ್ಲ. ಅದೇ ಬದಿಯ ವಯಾಹೋಲೆ ಕಣಿವೆಯಿಂದ ಬೆಟ್ಟ ಕೊರೆದು, 1916ರಲ್ಲಿ ಹಳ್ಳಗಳ ನೀರನ್ನು ಆಚೆ ಬದಿಯ ಕಬ್ಬಿನ ತೋಟಗಳಿಗೆ ಒಯ್ದರು. ಈಚೆಯ ಗದ್ದೆಗಳು ಬತ್ತಿದವು. 2000ದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನೀರು ಜನರದ್ದು, ಸರ್ಕಾರ ಅದರ ಕಾವಲುಗಾರ ಮಾತ್ರ ಅಂದಿತು. ಹವಾಯಿ ಭಾಷೆಯಲ್ಲಿ ವಾಯ್ ಅಂದರೆ ನೀರು, ವಾಯ್‌ವಾಯ್ ಅಂದರೆ ಸಂಪತ್ತು. ನೀರು ಹೋಗಿದ್ದನ್ನು ಕಂಡ ಜನ ಹರಿಯುತ್ತಿದೆಯಾ ಅಂತ ಕೇಳದೆ ಇನ್ನೇನು ಕೇಳುತ್ತಾರೆ?

ನಾನು 'ಯೆಸ್' ಅಂದಿದ್ದೂ ಪೂರ್ತಿ ನಿಜವಲ್ಲ. ತೀರ್ಥಹಳ್ಳಿಯಲ್ಲಿ ಏಪ್ರಿಲ್‌ನಲ್ಲಿ ಹೊಳೆಯ ಬಂಡೆಗಳ ಮೇಲೆ ನಡೆದುಕೊಂಡೇ ಹೋಗಬಹುದು. ಅದು ಅಮ್ಮನಿಗೂ ಗೊತ್ತು. ಹೊರಗಿನವರ ಎದುರು ಮನೆ ಹೊಳೆಯನ್ನು ಬಿಟ್ಟುಕೊಡಲಿಲ್ಲ, ಅಷ್ಟೇ.

ಮೊನ್ನೆ ಕೂತು ಹುಡುಕಿದೆ. ನಮ್ಮ ನಲ್ಲಿಗೆ ಸ್ವಲ್ಪ ಬೋರ್‌ವೆಲ್ ನೀರು, ಸ್ವಲ್ಪ ಎಲ್ಲೋ ದೂರದ ಸಿಯೆರಾ ಬೆಟ್ಟದ ಹಿಮ ಕರಗಿ ಬರುವುದು. ಹದಿನೇಳು ವರ್ಷದಿಂದ ಕುಡಿಯುತ್ತಿದ್ದೇನೆ. ಅಮ್ಮನಿಗೆ ಹೇಳೋಣ ಅಂತ ಹೋದರೆ ಅವಳು ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಳು. ಕಥೆ ಆಗಲೇ ಬೆಳೆದಿತ್ತು, ಗದ್ದೆಯವನು ತುಂಗೆಗೆ ಕೈ ಮುಗಿದನಂತೆ.

"ಇವಳು ಎಂತ ಹೇಳಿದ್ಲು ಗೊತ್ತುಂಟಾ?" ಅಮ್ಮನಿಗೆ ನಗು ತಡೆಯಲಾಗುತ್ತಿಲ್ಲ. "ಫಿಲ್ಟರ್!"

ಸ್ಪೀಕರ್‌ನಲ್ಲಿ ಚಿಕ್ಕಮ್ಮ ಕೆಮ್ಮು ಬರುವಷ್ಟು ನಕ್ಕಳು.